ಗಾಳಿಯಂತ್ರಗಳು ಚಿತ್ರದುರ್ಗದ ಮಳೆಯನ್ನು ಓಡಿಸಿದವೇ?

‘ಗುಡ್ಡದ ಮೇಲೆ ಫ್ಯಾನುಗಳನ್ನು ನಿಲ್ಲಿಸಿದ ಮೇಲೆಯೇ ನಮ್ಮ ಕಡೆ ಮಳೆ ಹೋಯಿತಲ್ಲವೇ ಸಾರ್?’ ಎಂಬ ಪ್ರಶ್ನೆ ಪ್ರತಿ ಮುಂಗಾರಿನಲ್ಲೂ ತಪ್ಪದೆ ಬರುತ್ತದೆ. ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಅಲ್ಲ ಎಂದಷ್ಟೇ ಹೇಳಿದರೆ ಯಾರೂ ಒಪ್ಪದ ಕಾರಣ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಚಿತ್ರದುರ್ಗ ಮಳೆನೆರಳಿನ ಸೀಮೆ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟವನ್ನು ಏರುವಾಗ ತಂಪಾಗಿ, ತನ್ನಲ್ಲಿರುವ ತೇವವನ್ನು ಬಹುಪಾಲು ಅಲ್ಲಿಯೇ ಸುರಿಸಿ, ಪೂರ್ವಕ್ಕೆ ಇಳಿಯುತ್ತ ಬೆಚ್ಚಗಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆಯಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 500 ಮಿ.ಮೀ. ದಾಟಿದರೆ ಒಳ್ಳೆಯ ವರ್ಷ. ಇದು ಗಾಳಿಯಂತ್ರದ ಕಾಲದ ಬರವಲ್ಲ. ಬರಕ್ಕೆ ಅಂಜಿಯೇ ಮೈಸೂರು ಸರ್ಕಾರ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಜಿಲ್ಲೆಯ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಣೆಕಟ್ಟು (ಇಂದಿನ ವಾಣಿವಿಲಾಸ ಸಾಗರ) ಕಟ್ಟಲು ಆರಂಭಿಸಿ 1907ರಲ್ಲಿ ಮುಗಿಸಿತು.

ಹಾಗಿದ್ದರೂ ಈ ನಂಬಿಕೆ ಅಳಿಯದಿರುವುದಕ್ಕೆ ಕಾರಣ, ಅದರ ಹಿಂದೆ ರೈತರು ಕಣ್ಣಾರೆ ಕಂಡ ಸತ್ಯವಿದೆ. ಆಷಾಢದಲ್ಲಿ ರೆಕ್ಕೆಗಳು ಭರ್ರೆಂದು ತಿರುಗುತ್ತವೆ, ಮೋಡಗಳು ತಲೆಯ ಮೇಲೆಯೇ ಓಡುತ್ತವೆ, ಕೆಳಗಿನ ಶೇಂಗಾ ಹೊಲಕ್ಕೆ ಹನಿಯೂ ಬೀಳುವುದಿಲ್ಲ. ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ ರೆಕ್ಕೆಗಳು ನಿಧಾನವಾಗುತ್ತವೆ, ಆಗಲೇ ಗುಡುಗಿ ಮಳೆ ಸುರಿಯುತ್ತದೆ. ಕಂಡದ್ದು ಸರಿ, ಕಾರಣ ಕಟ್ಟಿದ್ದು ತಲೆಕೆಳಗು. ರೆಕ್ಕೆ ತಿರುಗಿದ್ದರಿಂದ ಮೋಡ ಓಡುತ್ತಿಲ್ಲ; ಎರಡನ್ನೂ ಓಡಿಸುತ್ತಿರುವುದು ಘಟ್ಟದಲ್ಲಿ ನೀರು ಸುರಿಸಿ ಬಂದ ಅದೇ ಬಿರುಗಾಳಿ. ಆ ಗಾಳಿ ತಗ್ಗಿದಾಗ, ನೆಲದ ಕಾವಿಗೆ ಮೇಲೇಳುವ ತೇವದಿಂದ ಹಿಂಗಾರಿನ ಮೋಡ ಇಲ್ಲಿಯೇ ಕಟ್ಟುತ್ತದೆ. ಗಾಳಿಯಂತ್ರವು ಗಾಳಿಯನ್ನು ಬೀಸುವುದಿಲ್ಲ, ಗಾಳಿಯ ಬಲವನ್ನು ಅಷ್ಟಿಷ್ಟು ಹೀರಿ ವಿದ್ಯುತ್ತಾಗಿಸುತ್ತದೆ. ಅದರ ರೆಕ್ಕೆಯ ತುದಿ ನೆಲದಿಂದ ನೂರು, ನೂರೈವತ್ತು ಮೀಟರ್ ಎತ್ತರದಲ್ಲಿದ್ದರೆ, ಗುಡುಗಿನ ಮೋಡ ಹತ್ತು ಕಿಲೋಮೀಟರಿಗೂ ಮೇಲಕ್ಕೆ ಬೆಳೆಯುತ್ತದೆ.

ಇನ್ನೂ ಅನುಮಾನವಿದ್ದವರು ಮಾರಿಕಣಿವೆಯನ್ನೇ ಕೇಳಬಹುದು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಬಹುಪಾಲು ದಶಕಗಳಲ್ಲಿ ಈ ಗುಡ್ಡಗಳ ಮೇಲೆ ಒಂದೂ ಗಾಳಿಯಂತ್ರವಿರಲಿಲ್ಲ, ಕೆರೆ ತುಂಬಲಿಲ್ಲ. 2022ರಲ್ಲಿ ಸಾಲುಸಾಲಾಗಿ ನಿಂತಿದ್ದವು, ಆದರೂ ತುಂಬಿತು. ಭದ್ರಾ ನದಿಯ ನೀರನ್ನು ಈ ಒಣ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿತ್ತೆಂಬುದು ನಿಜ. ಆದರೆ ಆ ವರ್ಷ ಜಿಲ್ಲೆಯ ಹಳ್ಳಕೊಳ್ಳಗಳು ಉಕ್ಕಿದ್ದು ಮಳೆಯಿಂದಲೇ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಪಕ್ಕದ ದಾವಣಗೆರೆ ಹಾಗಾದರೆ ಹಸಿರೇಕೆ? ಅಲ್ಲಿಯೂ ಮಲೆನಾಡಿನ ಮಳೆಯೇನಿಲ್ಲ. ಹರಿಹರ, ದಾವಣಗೆರೆ ಸುತ್ತಲಿನ ಭತ್ತದ ಗದ್ದೆಗಳಿಗೆ ನೀರು ಬರುವುದು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನಾಲೆಯಿಂದ, ಅಂದರೆ ಘಟ್ಟದಲ್ಲಿ ಬಿದ್ದ ಮಳೆಯಿಂದ. ನಾಲೆಯ ಆಸರೆಯಿಲ್ಲದ ಜಗಳೂರನ್ನು ನೋಡಿ: 1997ರಲ್ಲಿ ಅದು ಚಿತ್ರದುರ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿತು, ಆದರೆ ಅಲ್ಲಿನ ಹೊಲಗಳು ಇಂದಿಗೂ ಚಳ್ಳಕೆರೆಯ ಹೊಲಗಳಂತೆ ಮುಗಿಲನ್ನೇ ನಂಬಿವೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿತ್ರದುರ್ಗದ ಜೊತೆ ಜಗಳೂರನ್ನೂ ಸೇರಿಸಿರುವುದು ಇದೇ ಕಾರಣಕ್ಕೆ.