ಕೋವಿ ಕಟ್ಟಿಸುವ ಮೊದಲು ಯಾವ ರಾಜ್ಯ ಅಂತ ಹೇಳಿ

ಅಮೆರಿಕದಲ್ಲಿ ಬೇಟೆಯ ಕೋವಿ ಕಟ್ಟಿಕೊಡುವ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. "ಮುನ್ನೂರು ಗಜಕ್ಕೆ ಎಲ್ಕ್ ಹೊಡೆಯುವಂಥ ಇನ್‌ಲೈನ್ ಮಝಲ್‌ಲೋಡರ್ ಮಾಡಿಕೊಡ್ತೀರಾ?" ಎಲ್ಕ್ ಅಂದರೆ ಇಲ್ಲಿನ ದೊಡ್ಡ ಜಿಂಕೆ, ಮಝಲ್‌ಲೋಡರ್ ಅಂದರೆ ಬಾಯಿಯಿಂದ ಮದ್ದು ತುಂಬುವ ಕೋವಿ. ಯಾವ ಕಂಪನಿಯ ನಳಿಗೆ, ಯಾವ ಸ್ಕೋಪು, ಸ್ಟಾಕಿಗೆ ಯಾವ ಬಣ್ಣ, ಎಲ್ಲ ಆಗಲೇ ತೀರ್ಮಾನ ಆಗಿರುತ್ತದೆ. ನಾನು ಕೇಳುವುದು ಒಂದೇ. ಯಾವ ರಾಜ್ಯದಲ್ಲಿ, ಯಾವ ಸೀಸನ್ನಿಗೆ? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಝಲ್‌ಲೋಡರ್ ಸೀಸನ್ ಅಂದ್ರೆ ಮಝಲ್‌ಲೋಡರ್ ತಾನೇ, ಅದರಲ್ಲೇನಿದೆ?" ಅನ್ನುತ್ತಾರೆ.

ಅದರಲ್ಲೇ ಎಲ್ಲ ಇರುವುದು. ಈ ಅಂಕಣ ಬರೆಯುತ್ತಿರುವುದೂ ಅದಕ್ಕೇ.

ಮಲೆನಾಡು, ಕೊಡಗಿನ ಕಡೆಯವರು ಕೇಪಿನ ಕೋವಿ ನೋಡಿಯೇ ಇರುತ್ತೀರಿ. ಬಾಯಿಯಿಂದ ಮದ್ದು ಸುರಿದು, ಗುಂಡು ಇಟ್ಟು, ಕೋಲಿನಿಂದ ಜಡಿಯುವುದು ಇಲ್ಲೂ ಹಾಗೆಯೇ. ಇನ್‌ಲೈನಿನಲ್ಲಿ ಕಿಡಿ ಪಕ್ಕದಿಂದ ತಿರುಗಿ ಬರುವುದಿಲ್ಲ. ಪ್ರೈಮರ್, ಅಂದರೆ ಕಿಡಿ ಹೊತ್ತಿಸುವ ಪುಟ್ಟ ಕೇಪು, ಮದ್ದಿನ ನೇರ ಹಿಂದೆ ಕೂರುತ್ತದೆ, ಕಿಡಿ ಸೀದಾ ಹೋಗುತ್ತದೆ. ಮಿಸೌರಿಯ ಟೋನಿ ನೈಟ್ 1985ರಲ್ಲಿ ತನ್ನ ಎಂಕೆ-85 ತಂದ ಮೇಲೆ ಇದು ಅಮೆರಿಕದಲ್ಲೆಲ್ಲ ಹಬ್ಬಿತು. ಈಗ ಹೆಚ್ಚಿನವಕ್ಕೆ ಶಾಟ್‌ಗನ್ ತೋಟಾಗೆ ಹಾಕುವ 209 ಪ್ರೈಮರನ್ನೇ ಹಾಕುತ್ತಾರೆ. ಇದನ್ನು ಊರಿಗೆ ತಗೊಂಡು ಹೋಗಬಹುದಾ ಅಂತ ಕೇಳುವವರೂ ಇದ್ದಾರೆ. ಬೇಡ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನಿರುವ ಕಲರಾಡೋದಲ್ಲಿ ಮಝಲ್‌ಲೋಡರ್ ಸೀಸನ್ ಸೆಪ್ಟೆಂಬರಿನಲ್ಲಿ, ಒಂಬತ್ತೇ ದಿನ. ಗಂಡು ಎಲ್ಕ್‌ಗಳು ಬೆದೆಗೆ ಬಂದು ಕಣಿವೆ ತುಂಬ ಕೂಗುವ ಕಾಲ. ಮಾಮೂಲಿ ರೈಫಲ್ ಹಿಡಿದವರು ಎಲ್ಕ್ ಹಿಂದೆ ಬರುವುದು ಅಕ್ಟೋಬರಿಗೆ. ಅಂದರೆ ಕಾಡಿನಲ್ಲಿ ಜನ ಕಡಿಮೆ, ಪ್ರಾಣಿ ಕೂಗಿಗೆ ಓಗೊಡುತ್ತದೆ. ಇಷ್ಟೊಳ್ಳೆ ಕಾಲವನ್ನು ಸರ್ಕಾರ ಸುಮ್ನೆ ಕೊಡುತ್ತದಾ? ಕೈಯಲ್ಲಿರುವ ಆಯುಧ ಕಷ್ಟದ್ದಾಗಿರಲಿ, ಹತ್ತಿರ ಹೋಗಿ ಹೊಡೆಯಲಿ ಅನ್ನುವುದು ಒಪ್ಪಂದ. ಎಷ್ಟು ಕಷ್ಟದ್ದು ಅನ್ನುವುದನ್ನು ಒಂದೊಂದು ರಾಜ್ಯ ಒಂದೊಂದು ರೀತಿ ಬರೆದಿಟ್ಟಿದೆ.

ಕಲರಾಡೋದ ಈ ಸೀಸನ್ನಿನಲ್ಲಿ ಇನ್‌ಲೈನ್ ನಡೆಯುತ್ತದೆ, 209 ನಡೆಯುತ್ತದೆ. ಆದರೆ ಸ್ಕೋಪ್ ಇಲ್ಲ, ಬ್ಯಾಟರಿ ಹಾಕುವ ಯಾವ ಸೈಟೂ (ಗುರಿ ನೋಡುವ ಸಾಧನ) ಇಲ್ಲ. ಗುಳಿಗೆ ಮದ್ದು ಇಲ್ಲ, ಪುಡಿ ಮದ್ದೇ ಆಗಬೇಕು. ಹೊಗೆಯಿಲ್ಲದ ಮದ್ದು ಇಲ್ಲ. ಸೇಬೋ, ಅಂದರೆ ಗುಂಡಿನ ಸುತ್ತ ಹಾಕುವ ಪ್ಲಾಸ್ಟಿಕ್ ಬಟ್ಟಲು, ಅದೂ ಇಲ್ಲ. ಎಲ್ಕ್‌ಗೆ, ಮೂಸ್‌ಗೆ ಕಡಿಮೆಯೆಂದರೆ 50 ಕ್ಯಾಲಿಬರ್, ಅಂದರೆ ನಳಿಗೆಯ ಒಳ ಅಗಲ ಅರ್ಧ ಇಂಚು. ಜಿಂಕೆಗೆ, ಕರಡಿಗೆ 40 ಸಾಕು. ಗುಂಡಿನ ಉದ್ದ ಅದರ ಅಡ್ಡಗಲದ ಎರಡು ಪಟ್ಟು ಮೀರಬಾರದು.

ಬೇರೆ ರಾಜ್ಯಗಳಿಗೆ ಹೋದರೆ ಪುಸ್ತಕವೇ ಬೇರೆ. ಐಡಾಹೋದ ಮಝಲ್‌ಲೋಡರ್ ಸೀಸನ್ನಿನಲ್ಲಿ ಕೋವಿಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಹೊರಗೆ ಕಾಣಬೇಕು, ಹಿಂದೆ ಮುಂದೆ ಆಡಬೇಕು. 209 ಪ್ರೈಮರ್ ನಿಷೇಧ. ನಮ್ಮ ಡೆನ್ವರಿನ ಚಂದದ ಇನ್‌ಲೈನ್ ಅಲ್ಲಿನ ಬಾಯ್ಸಿ ಊರಿಗೆ ಹೋದರೆ ಗೋಡೆಗೆ ನೇತು ಹಾಕಬೇಕಷ್ಟೆ. ಪೆನ್ಸಿಲ್ವೇನಿಯಾದಲ್ಲಿ ಅಕ್ಟೋಬರಿಗೆ ಇನ್‌ಲೈನ್ ತರಬಹುದು, ಸ್ಕೋಪೂ ಇರಬಹುದು. ಕ್ರಿಸ್ಮಸ್ ಕಳೆದ ಮೇಲಿನ ಸೀಸನ್ನಿಗೆ ಮಾತ್ರ ಚಕಮಕಿ ಕಲ್ಲಿನ ಕೋವಿಯೇ ಬೇಕು. ಯೂಟಾದ ಕಥೆ ಇನ್ನೂ ಸ್ವಾರಸ್ಯ. 2016ರಲ್ಲಿ ದೂರದ್ದನ್ನು ದೊಡ್ಡದಾಗಿ ತೋರಿಸುವ ಸ್ಕೋಪಿಗೆ ಅನುಮತಿ ಕೊಟ್ಟರು. ಜನ ಕೋವಿಗಿಂತ ಸ್ಕೋಪಿಗೇ ಜಾಸ್ತಿ ದುಡ್ಡು ಸುರಿದರು. 2024ಕ್ಕೆ ಅನುಮತಿ ವಾಪಸ್ ಆಯಿತು.

ಹಾಗಾಗಿ ನಾನಿಲ್ಲಿ ಬರೆದದ್ದನ್ನೂ ನಂಬಿಕೊಂಡು ಹೋಗಬೇಡಿ. ಆ ವರ್ಷದ ಬೇಟೆ ನಿಯಮಗಳ ಬ್ರೋಷರ್ ತೆಗೆದು ನೀವೇ ಓದಿ. ರಾಜ್ಯದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಡಲ್ಲಾಸ್‌ನಿಂದ ಒಬ್ಬ ಹುಡುಗ ಬಂದಿದ್ದ. ನಮ್ಮ ಕಡೆಯವನೇ, ಸಾಫ್ಟ್‌ವೇರಿನವನು. ಒಳ್ಳೆ ಮನಸ್ಸು, ಕೈತುಂಬ ಸಂಬಳ. ಎಲ್ಲೋ ಮಾಡಿಸಿದ ಭಾರೀ ಇನ್‌ಲೈನ್ ತಂದಿದ್ದ. ಮೇಲೊಂದು ದೊಡ್ಡ ಸ್ಕೋಪು, ಜೊತೆಗೆ ಒಂದು ಚೀಲ ಸೇಬೋ ಗುಂಡು. "ಅಣ್ಣಾ, ಕಲರಾಡೋ ಟ್ಯಾಗ್, ಬೇಟೆ ಪರ್ಮಿಟ್ಟು, ಸಿಕ್ಕಿದೆ, ಇದನ್ನ ಒಂದ್ಸಲ ನೋಡಿ ಕೊಡಿ" ಅಂದ. ಸ್ಕೋಪ್ ಬಿಚ್ಚು ಅಂದೆ. ಸೇಬೋ ಚೀಲ ಆಚೆ ಇಡು ಅಂದೆ. ನಳಿಗೆಯ ಮೇಲೆ ಮಾಮೂಲಿ ಸೈಟ್ ಕೂರಿಸಲು ತೂತೂ ಇಲ್ಲ, ಕೊರೆದ ಸಂದೂ ಇಲ್ಲ. "ಕಟ್ಟಿಕೊಟ್ಟವರು ಯಾವ ರಾಜ್ಯ ಅಂತ ಕೇಳಲಿಲ್ವಾ?" ಅಂದರೆ, "ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದ. ಕಾಲು ನೋಡದೆ ಚಪ್ಪಲಿ ಹೊಲಿಸಿದ ಹಾಗೆ ಆಯಿತು.

ಸೇಬೋ ಹೋದರೆ ಏನಂತೆ, ಬೇರೆ ಗುಂಡು ಹಾಕಿದರಾಯಿತು ಅನ್ನುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸೇಬೋ ಅಂದರೆ ಪ್ಲಾಸ್ಟಿಕ್ ಬಟ್ಟಲು. 50 ಕ್ಯಾಲಿಬರ್ ನಳಿಗೆಯಲ್ಲಿ 45ರ ತೆಳು ಗುಂಡನ್ನು ಅದರೊಳಗೆ ಕೂರಿಸಿ ಹೊಡೆಯುತ್ತಾರೆ. ಪ್ಲಾಸ್ಟಿಕ್ ಮೆತ್ತಗಿರುವುದರಿಂದ ನಳಿಗೆಯ ಅಳತೆ ಸ್ವಲ್ಪ ಆಚೀಚೆ ಆದರೂ ನಡೆದುಹೋಗುತ್ತದೆ. ಅದನ್ನು ತೆಗೆದರೆ ಗುಂಡೇ ನಳಿಗೆಗೆ ತಾಗಬೇಕು. ಅಳತೆ ನಿಖರ ಇರಲೇಬೇಕು. 50 ಅಂತ ಕೆತ್ತಿದ ಎರಡು ನಳಿಗೆಗಳು ಒಂದೇ ಅಳತೆ ಇರಬೇಕೆಂದಿಲ್ಲ. ಇಂಚಿನ ಸಾವಿರದಲ್ಲೊಂದು ಎರಡು ಭಾಗ ವ್ಯತ್ಯಾಸ ಮಾಮೂಲು. ಗುಂಡು ತೀರಾ ಬಿಗಿಯಾದರೆ ಕಾಡಿನಲ್ಲಿ ಎರಡನೇ ಸಲ ತುಂಬಲು ಆಗುವುದಿಲ್ಲ. ಕಪ್ಪು ಮದ್ದಿನ ಕಿಟ್ಟ ಆಗಲೇ ನಳಿಗೆಗೆ ಹಿಡಿದಿರುತ್ತದೆ. ಸಡಿಲವಾದರೆ ಇನ್ನೂ ಕೆಟ್ಟದ್ದು. ಕೋವಿಯ ಬಾಯಿ ಕೆಳಗೆ ಮಾಡಿ ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತುವಾಗ ಗುಂಡು ಮೆಲ್ಲಗೆ ಮುಂದೆ ಜಾರುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಹೊಡೆಯುವ ಮುನ್ನ ಕೋಲು ಇಳಿಸಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಎಷ್ಟು ಜನ ಮಾಡುತ್ತಾರೋ.

ಆಮೇಲೆ ನಳಿಗೆಯೊಳಗಿನ ಸುತ್ತು, ಅಂದರೆ ಗುಂಡನ್ನು ತಿರುಗಿಸಲು ಒಳಗೆ ಸುತ್ತಿಕೊಂಡು ಹೋಗುವ ಗೀರು. ಗುಂಡು ಉದ್ದವಾದಷ್ಟೂ ಅದನ್ನು ಬೇಗ ತಿರುಗಿಸಬೇಕು, ಇಲ್ಲವೆಂದರೆ ಗಾಳಿಯಲ್ಲಿ ಹೊರಳುತ್ತದೆ. ಬಟ್ಟೆ ಸುತ್ತಿದ ಉರುಟು ಗುಂಡಿಗೆ 66 ಇಂಚಿಗೆ ಒಂದು ಸುತ್ತು ಸಾಕು. ಉದ್ದ ಗುಂಡಿಗೆ 28 ಇಂಚಿಗೆ ಒಂದು ಸುತ್ತು ಈಗ ರೂಢಿ. ಕಲರಾಡೋ ನಿಯಮದ ಪ್ರಕಾರ 50ರ ಗುಂಡು ಒಂದು ಇಂಚಿಗಿಂತ ಉದ್ದ ಇರುವಂತಿಲ್ಲ. ಇಲ್ಲಿ ಮಾತ್ರ ಬೇಟೆ ಮಾಡುವವರು ಅದಕ್ಕಿಂತ ಉದ್ದದ ಗುಂಡಿಗೆ ಅಂತ ವಿಶೇಷ ಸುತ್ತಿನ ನಳಿಗೆ ಯಾಕೆ ತರಿಸಬೇಕು ಹೇಳಿ? ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ತೊಡಕು. 2019ರ ಜುಲೈನಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಇಲ್ಲ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದೇ ತೂಕದ ಗುಂಡು ಉದ್ದ ಆಗುತ್ತದೆ, ಸುತ್ತಿನ ಲೆಕ್ಕವೂ ಬದಲಾಗುತ್ತದೆ. ಅದೇ ಗುಂಡನ್ನು ಇಲ್ಲಿಗೆ ತಂದರೆ ನಮ್ಮ ಎರಡು ಪಟ್ಟಿನ ನಿಯಮಕ್ಕೆ ಸಿಕ್ಕಿಬೀಳಬಹುದು. ರಾಜ್ಯದ ಹೆಸರು ಕೇಳದೆ ನಾನು ನಳಿಗೆ ಆರ್ಡರ್ ಮಾಡದಿರುವುದು ಹಠಕ್ಕಲ್ಲ.

ಮುನ್ನೂರು ಗಜದ ಆಸೆಯನ್ನೂ ಇಲ್ಲೇ ಮುಗಿಸಿಬಿಡೋಣ. ಸ್ಕೋಪಿಲ್ಲದೆ, ಭಾರದ ಸೀಸದ ಗುಂಡು ಹಾಕಿ, ನೂರು ಗಜಕ್ಕೆ ಸರಿ ಮಾಡಿದ ಕೋವಿ ಇನ್ನೂರು ಗಜದಲ್ಲಿ ಹತ್ತಿರ ಹತ್ತಿರ ಎರಡು ಅಡಿ ಕೆಳಗೆ ಹೊಡೆಯುತ್ತದೆ. ಅಷ್ಟು ದೂರದಲ್ಲಿ ಮುಂದಿನ ಸೈಟಿನ ಮಣಿಯೇ ಪ್ರಾಣಿಯ ಅರ್ಧ ಮೈ ಮುಚ್ಚುತ್ತದೆ. ಎಲ್ಕ್ ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯಬಾರದು ಅಲ್ವಾ? ನೂರು ಗಜದೊಳಗೆ ಹೋಗಿ.

ನನ್ನ ಗಿರಾಕಿಗಳಲ್ಲಿ ಒಬ್ಬ ಮುದುಕ ಇದ್ದಾನೆ. ಹಳೇ ದನಗಾರ, ಮಾತು ಕಡಿಮೆ. ಪ್ರತಿ ವರ್ಷ ಬರುವಾಗ ಹೊಸ ಬ್ರೋಷರ್ ತರುತ್ತಾನೆ, ಮಝಲ್‌ಲೋಡರ್ ಪುಟ ಮಡಚಿಟ್ಟಿರುತ್ತಾನೆ. "ಏನಾದರೂ ಬದಲಾಯಿತಾ, ಇಬ್ಬರೂ ಓದೋಣ" ಅಂತ ಮೇಜಿನ ಮೇಲೆ ಇಡುತ್ತಾನೆ. ಎಂಬತ್ತು ಗಜ ದಾಟಿ ಅವನು ಹೊಡೆಯುವುದೇ ಇಲ್ಲ. ಅವನ ಕೋವಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಆದರೆ ಅವನ ಫ್ರೀಜರ್ ಖಾಲಿ ಇದ್ದದ್ದು ನಾನು ಕಂಡಿಲ್ಲ.

ಎರಡು ರಾಜ್ಯ ತಿರುಗುವವರಿಗೆ ನನ್ನ ಸಲಹೆ ಇಷ್ಟೆ. ಮೇಲೆ ಸ್ಕೋಪಿಗೆ ತೂತು ಕೊರೆಸಿ, ನಳಿಗೆಗೆ ಮಾಮೂಲಿ ಸೈಟಿನ ಸಂದನ್ನೂ ಕೊರೆಸಿ. ಆಗ ನಿಯಮ ಬದಲಾದರೆ ಸ್ಕ್ರೂ ಬಿಚ್ಚಿದರೆ ಸಾಕು. ಐಡಾಹೋ ಬೇಕೇ ಬೇಕು ಅನ್ನುವವರು ಪಕ್ಕದಲ್ಲಿ ಕುದುರೆ ಇರುವ ಇನ್ನೊಂದು ಕೋವಿ ತಗೊಳ್ಳಿ. ಹೊಗೆಯಿಲ್ಲದ ಮದ್ದಿಗೆ ಕಟ್ಟಿಕೊಡಿ ಅಂತ ಕೇಳಲೇಬೇಡಿ. ಅದರ ಒತ್ತಡದ ಲೆಕ್ಕವೇ ಬೇರೆ, ಅಂಥ ಕೆಲಸ ನಾನು ಹಿಡಿಯುವುದಿಲ್ಲ.

ರೆಮಿಂಗ್ಟನ್ 700 ಅನ್ನುವ ಮಾಮೂಲಿ ರೈಫಲಿನ ಆಕ್ಷನ್ (ಗುಂಡು ಹಾರಿಸುವ ಯಂತ್ರಭಾಗ) ಮೇಲೆ ಮಝಲ್‌ಲೋಡರ್ ಕಟ್ಟಿಸುವವರು ಇನ್ನೊಂದನ್ನೂ ಮರೆಯುತ್ತಾರೆ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ತೋಟಾ ಹಾಕಲಾಗದ, ಕಪ್ಪು ಮದ್ದಿನ ಮಝಲ್‌ಲೋಡರ್ ಸಾಮಾನ್ಯವಾಗಿ ಫೈರ್‌ಆರ್ಮ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಾಮೂಲಿ ರೈಫಲಿನ ರಿಸೀವರ್ (ಆ ಯಂತ್ರಭಾಗದ ಚೌಕಟ್ಟು) ಮೇಲೆ ಕೂರಿಸಿದರೆ ಬರುತ್ತದೆ. ಆಗ ಲೈಸೆನ್ಸ್ ಇರುವ ಡೀಲರ್ ಬೇಕು, ಕೊಳ್ಳುವವರು ಕೇಂದ್ರ ಸರ್ಕಾರದ 4473 ಫಾರಂ ತುಂಬಬೇಕು. ಎಚ್-1ಬಿಯಲ್ಲಿರುವ ನಮ್ಮ ಹುಡುಗರಿಗೆ ಇದು ಮುಖ್ಯ. ನಿಮ್ಮ ವೀಸಾದವರು ಫೈರ್‌ಆರ್ಮ್ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ರಾಜ್ಯದ ಕಾನೂನು ಇನ್ನೂ ಬಿಗಿ ಇರಬಹುದು. ನಾನು ವಕೀಲನಲ್ಲ, ಒಬ್ಬ ವಕೀಲರನ್ನು ಕೇಳಿ.

ಆ ಲೈಸೆನ್ಸಿಗೂ ಮೊದಲು ಹಂಟರ್ ಎಜುಕೇಶನ್ ಕಾರ್ಡ್ ಬೇಕು. ಕಲರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಇದು ಕಡ್ಡಾಯ. ಟ್ಯಾಗುಗಳನ್ನು ಲಾಟರಿ ಎತ್ತಿ ಹಂಚುವ ಡ್ರಾ ಅರ್ಜಿಯ ಕೊನೇ ದಿನ ಏಪ್ರಿಲ್ ಶುರುವಿನಲ್ಲೇ ಬರುತ್ತದೆ. ಕೋವಿಯ ಮಾತನ್ನು ಚಳಿಗಾಲದಲ್ಲೇ ಆಡಿ ಮುಗಿಸಿ. ಟ್ಯಾಗ್ ಬಂದ ಮೇಲೆ ಆಗಸ್ಟಿನಲ್ಲಿ ಫೋನ್ ಮಾಡಿ ಸೆಪ್ಟೆಂಬರಿಗೆ ಬೇಕು ಅಂದರೆ, ನಳಿಗೆ ತರಿಸುವುದಕ್ಕೇ ಆ ಹೊತ್ತು ಸಾಲುವುದಿಲ್ಲ.