ಸಂಕಲನದಲ್ಲಿ ಸಿಗುವುದು ಹಳೆಯ ಆರ್ಕೇಡ್ ಆಟವೇ, ಅದರ ನಕಲೇ?

ಪ್ರಶ್ನೆ: ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಆರ್ಕೇಡ್ ಆಟಗಳನ್ನು ಒಟ್ಟುಗೂಡಿಸಿ ಇಂದಿನ ಕನ್ಸೋಲ್‌ಗಳಿಗೆ ಬಿಡುಗಡೆ ಮಾಡುತ್ತಾರಲ್ಲ, ಆ ಸಂಕಲನಗಳಲ್ಲಿ ಇರುವುದು ಮೂಲ ಆಟವೇ ಅಥವಾ ಅದನ್ನು ನೋಡಿಕೊಂಡು ಹೊಸದಾಗಿ ಬರೆದ ಆಟವೇ? ಮೂಲವೇ ಆಗಿದ್ದರೆ ಆಡುವಾಗ ಅದು ಬೇರೆಯಾಗಿ ತೋರುವುದೇಕೆ?

ಉತ್ತರ: ಇತ್ತೀಚಿನ ಸಂಕಲನಗಳ ಮಟ್ಟಿಗೆ ಹೇಳುವುದಾದರೆ, ಪ್ರೋಗ್ರಾಂ ಸಾಮಾನ್ಯವಾಗಿ ಮೂಲದ್ದೇ ಆಗಿರುತ್ತದೆ. ಆರ್ಕೇಡ್ ಬೋರ್ಡಿನ (ಯಂತ್ರದೊಳಗಿನ ಸರ್ಕ್ಯೂಟ್ ಹಲಗೆಯ) ಮೆಮೊರಿ ಚಿಪ್‌ಗಳಲ್ಲಿದ್ದ ಮಾಹಿತಿಯನ್ನು ಒಂದು ಬಿಟ್ ಸಹ ಬದಲಿಸದೆ ಓದಿ ತೆಗೆದು, ಅದನ್ನೇ ಕನ್ಸೋಲ್‌ನಲ್ಲಿ ಓಡಿಸಲಾಗುತ್ತದೆ. ಆದರೆ ಆರ್ಕೇಡ್ ಆಟವೆಂದರೆ ಪ್ರೋಗ್ರಾಂ ಒಂದೇ ಆಗಿರಲಿಲ್ಲ. ಅದು ಯಾವ ಬೋರ್ಡಿನ ಮೇಲೆ ಯಾವ ವೇಗದಲ್ಲಿ ಓಡುತ್ತಿತ್ತು, ಯಾವ ಪರದೆಯ ಮೇಲೆ ಮೂಡುತ್ತಿತ್ತು, ಆಟಗಾರನ ಕೈಯಲ್ಲಿ ಯಾವ ಹಿಡಿಕೆ ಇತ್ತು, ಸೋತಾಗ ಮತ್ತೊಂದು ನಾಣ್ಯ ಹಾಕಬೇಕಿತ್ತೇ ಎಂಬುದೆಲ್ಲ ಸೇರಿಯೇ ಆ ಆಟವಾಗಿತ್ತು. ಸಂಕಲನದಲ್ಲಿ ಪ್ರೋಗ್ರಾಂ ಮಾತ್ರ ಹಾಗೆಯೇ ಬರುತ್ತದೆ, ಉಳಿದುದನ್ನೆಲ್ಲ ಅನುಕರಿಸಬೇಕಾಗುತ್ತದೆ. ನಿಮಗೆ ಬೇರೆಯಾಗಿ ತೋರುವುದು ಈ ಉಳಿದ ಭಾಗ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1980ರ ದಶಕದ ಮನೆಯ ಕನ್ಸೋಲ್‌ಗಳಿಗೆ ಆರ್ಕೇಡ್ ಬೋರ್ಡಿನ ಶಕ್ತಿಯಲ್ಲಿ ಒಂದಂಶವೂ ಇರುತ್ತಿರಲಿಲ್ಲವಾದ್ದರಿಂದ, ಪ್ರತಿಯೊಂದು ಆಟವನ್ನೂ ಆ ಯಂತ್ರಕ್ಕೆ ಒಗ್ಗುವಂತೆ ಮೊದಲಿನಿಂದ ಬರೆಯಬೇಕಿತ್ತು. ನಾಮ್ಕೊ ಸಂಸ್ಥೆಯ ಪ್ಯಾಕ್-ಮ್ಯಾನ್ ಆರ್ಕೇಡ್‌ಗೆ ಬಂದದ್ದು 1980ರಲ್ಲಿ. ಅದರ ಪ್ರೋಗ್ರಾಂ ಒಟ್ಟು 16 ಕಿಲೋಬೈಟ್ ಮಾತ್ರ. ಆದರೂ 1982ರಲ್ಲಿ ಅದನ್ನು ಅಟಾರಿ 2600ಕ್ಕೆ ತರುವಾಗ 4 ಕಿಲೋಬೈಟ್‌ನ ಕಾರ್ಟ್ರಿಜ್ ಮತ್ತು 128 ಬೈಟ್ ಕಾರ್ಯಸ್ಮೃತಿಯೊಳಗೆ ಅಡಗಿಸಬೇಕಾಯಿತು. ಚಕ್ರವ್ಯೂಹದ ಆಕಾರವೇ ಬದಲಾಯಿತು, ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲಾಗದೆ ಅವು ಸರದಿಯಂತೆ ಮಿನುಗುತ್ತಿದ್ದವು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಕನ್ಸೋಲ್ ಬಿಡುಗಡೆಯಾದಾಗ ಅದರ ಜೊತೆಗೇ ಬಂದ ಡಾಂಕಿ ಕಾಂಗ್‌ನಲ್ಲಿಯೂ ಆರ್ಕೇಡ್‌ನ ನಾಲ್ಕು ಹಂತಗಳ ಪೈಕಿ ಒಂದು ಕಾಣೆಯಾಗಿತ್ತು. ಇವೆಲ್ಲ ಹೆಸರಿಗೆ ಅದೇ ಆಟ, ವಾಸ್ತವದಲ್ಲಿ ಬೇರೆ ಆಟ.

ಬದಲಾವಣೆ ಕಂಡದ್ದು 1990ರ ದಶಕದ ನಡುವೆ. ನಾಮ್ಕೊ 1995ರಲ್ಲಿ ಪ್ಲೇಸ್ಟೇಷನ್‌ಗಾಗಿ ನಾಮ್ಕೊ ಮ್ಯೂಸಿಯಂ ಸರಣಿಯನ್ನು ಆರಂಭಿಸಿತು. ಅದರಲ್ಲಿ ಆಟಗಳ ಜೊತೆಗೆ, ನಿಜವಾದ ವಸ್ತುಸಂಗ್ರಹಾಲಯದಲ್ಲಿ ನಡೆದಾಡುವಂತೆ ಕೋಣೆಯಿಂದ ಕೋಣೆಗೆ ಹೋಗಿ ಹಳೆಯ ಪ್ರಚಾರಪತ್ರಗಳನ್ನು ನೋಡುವ ವ್ಯವಸ್ಥೆಯೂ ಇತ್ತು. ಮರುವರ್ಷ ಡಿಫೆಂಡರ್, ಜೌಸ್ಟ್, ರೋಬೋಟ್ರಾನ್: 2084 ಮೊದಲಾದ ವಿಲಿಯಮ್ಸ್ ಸಂಸ್ಥೆಯ ಆಟಗಳನ್ನು ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆಯವರು ಮರುಬರವಣಿಗೆಯಿಲ್ಲದೆ, ಎಮ್ಯುಲೇಟರ್ (ಹಳೆಯ ಯಂತ್ರದಂತೆ ವರ್ತಿಸುವ ತಂತ್ರಾಂಶ) ಮೂಲಕವೇ ಕನ್ಸೋಲ್‌ಗಳಿಗೆ ತಂದರು. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು ಮೇಮ್ ಎಂಬ ಉಚಿತ ಆರ್ಕೇಡ್ ಎಮ್ಯುಲೇಟರನ್ನು ಹೊರತಂದ ಮೇಲೆ ಆರ್ಕೇಡ್ ಬೋರ್ಡುಗಳ ಒಳಮರ್ಮವನ್ನು ದಾಖಲಿಸುವ ಕೆಲಸಕ್ಕೆ ಹವ್ಯಾಸಿಗಳ ದೊಡ್ಡ ಪಡೆಯೇ ನಿಂತಿತು.

ಎಮ್ಯುಲೇಟರ್ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಅಲ್ಲಿದೆ. ಪ್ಯಾಕ್-ಮ್ಯಾನ್ ಬೋರ್ಡಿನಲ್ಲಿದ್ದ ಝಡ್80 (Z80) ಪ್ರೊಸೆಸರ್ ಸೆಕೆಂಡಿಗೆ ಸುಮಾರು 30 ಲಕ್ಷ ಮಿಡಿತಗಳ ವೇಗದಲ್ಲಿ ಓಡುತ್ತಿತ್ತು. ಎಮ್ಯುಲೇಟರ್ ಆ ಪ್ರೊಸೆಸರ್‌ನ ಒಂದೊಂದು ಆದೇಶವನ್ನೂ ಓದಿ, ಮೂಲ ಚಿಪ್ ಏನು ಮಾಡುತ್ತಿತ್ತೋ ಅದನ್ನೇ ಇಂದಿನ ಯಂತ್ರದಿಂದ ಮಾಡಿಸುತ್ತದೆ. ಆಟದ ಪ್ರೋಗ್ರಾಂಗೆ ತಾನು ಬೇರೆ ಯಂತ್ರದಲ್ಲಿ ಇದ್ದೇನೆಂಬ ಸುಳಿವೇ ಇರುವುದಿಲ್ಲ, ಹಾಗಾಗಿ ಅದರ ದೋಷಗಳೂ ಜೊತೆಗೇ ಬರುತ್ತವೆ. ಪ್ಯಾಕ್-ಮ್ಯಾನ್ ತನ್ನ ಹಂತದ ಸಂಖ್ಯೆಯನ್ನು ಒಂದೇ ಬೈಟ್‌ನಲ್ಲಿ ಇಟ್ಟುಕೊಳ್ಳುವುದರಿಂದ 256ನೆಯ ಹಂತಕ್ಕೆ ಬಂದಾಗ ಲೆಕ್ಕ ತುಂಬಿ ಸೊನ್ನೆಗೆ ಮರಳುತ್ತದೆ, ಹಣ್ಣುಗಳನ್ನು ಬಿಡಿಸುವ ಭಾಗ ದಾರಿ ತಪ್ಪಿ ಪರದೆಯ ಬಲಭಾಗವನ್ನು ಅರ್ಥವಿಲ್ಲದ ಅಕ್ಷರಗಳಿಂದ ತುಂಬಿಬಿಡುತ್ತದೆ. ಮೂಲ ಪ್ರೋಗ್ರಾಂ ಓಡುತ್ತಿರುವ ಸಂಕಲನದಲ್ಲಿ 256ನೆಯ ಹಂತ ತಲುಪಿದವರಿಗೆ ಇದೇ ಕಾಣಿಸಬೇಕು. ಮೂಲವನ್ನು ಗುರುತಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ, ಅಲ್ಲಿಯವರೆಗೆ ಆಡುವ ತಾಳ್ಮೆ ಬೇಕು ಅಷ್ಟೆ.

ಇನ್ನು ಎರಡನೆಯ ಅರ್ಧ. ಹಳೆಯ ಆಟಗಳಲ್ಲಿ ವೇಗವೆಂಬುದು ಅನೇಕ ವೇಳೆ ಪ್ರೋಗ್ರಾಂನಲ್ಲಿ ಬರೆದ ಸಂಖ್ಯೆಯಾಗಿರದೆ ಯಂತ್ರದ ಮಿತಿಯಿಂದ ಹುಟ್ಟಿದ ಗುಣವಾಗಿತ್ತು. ಟೈಟೊ ಸಂಸ್ಥೆಗಾಗಿ ಟೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಶತ್ರುಗಳಿದ್ದು, ಪ್ರೊಸೆಸರ್ ಒಂದು ಫ್ರೇಮ್‌ಗೆ (ಪರದೆಯ ಒಂದು ಚಿತ್ರಕ್ಕೆ; ಇವು ಸೆಕೆಂಡಿಗೆ ಸುಮಾರು 60) ಒಬ್ಬನನ್ನು ಮಾತ್ರ ಸರಿಸುತ್ತಿತ್ತು. ಅಂದರೆ ಇಡೀ ಪಡೆ ಒಂದು ಹೆಜ್ಜೆಯಿಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯುತ್ತಿತ್ತು. ಶತ್ರುಗಳು ಸತ್ತಂತೆಲ್ಲ ಸರದಿ ಬೇಗ ಮುಗಿದು ಉಳಿದವರು ವೇಗವಾಗಿ ಓಡತೊಡಗುತ್ತಿದ್ದರು. ಯಂತ್ರದ ಈ ಕೊರತೆಯನ್ನು ನಿಶಿಕಾಡೊ ತಿದ್ದದೆ ಹಾಗೆಯೇ ಉಳಿಸಿಕೊಂಡರು, ಆಟದ ಉಸಿರುಗಟ್ಟಿಸುವ ಕೊನೆಯ ಗಳಿಗೆಗಳು ಬಂದದ್ದು ಅದರಿಂದಲೇ. ಜಪಾನಿನ ಎಷ್ಟೋ ಗುಂಡಿನ ಆಟಗಳಲ್ಲಿ ಪರದೆ ತುಂಬ ಗುಂಡುಗಳು ಹರಡಿದಾಗ ಬೋರ್ಡು ಏದುಸಿರು ಬಿಟ್ಟು ಆಟ ನಿಧಾನವಾಗುತ್ತಿತ್ತು, ನುರಿತವರು ಆ ನಿಧಾನವನ್ನೇ ನಂಬಿ ನುಸುಳುತ್ತಿದ್ದರು. ಎಮ್ಯುಲೇಟರ್ ಬೋರ್ಡಿನ ದಣಿವನ್ನು ಸರಿಯಾಗಿ ಲೆಕ್ಕ ಹಾಕದಿದ್ದರೆ ಆಟ ನಯವಾಗಿ ಓಡುತ್ತದೆ, ಮೂಲಕ್ಕಿಂತ ಕಠಿಣವೂ ಆಗುತ್ತದೆ.

ಪರದೆಯ ಮಿಡಿತದ ತೊಡಕು ಇದರ ಜೊತೆಗಿದೆ. ಇಂದಿನ ಟಿವಿ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. ಪ್ಯಾಕ್-ಮ್ಯಾನ್‌ನ ದರ 60.6 ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆದರೆ 1992ರ ಮಾರ್ಟಲ್ ಕಾಂಬ್ಯಾಟ್ ಓಡುತ್ತಿದ್ದುದು ಸುಮಾರು 54.7ರ ದರದಲ್ಲಿ. ಅದನ್ನು 60ಕ್ಕೆ ಹೊಂದಿಸಿದರೆ ಆಟ ಶೇಕಡಾ 10ರಷ್ಟು ವೇಗವಾಗುತ್ತದೆ, ಮೂಲ ವೇಗವನ್ನೇ ಉಳಿಸಿದರೆ ಸೆಕೆಂಡಿಗೆ ಐದಾರು ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಬೇಕಾಗಿ ಚಲನೆ ತಡವರಿಸುತ್ತದೆ. ಬದಲಾಗುವ ದರವನ್ನು ಒಪ್ಪಿಕೊಳ್ಳುವ ಹೊಸ ಟಿವಿಗಳಲ್ಲಿ, ಸಂಕಲನವೂ ಅದಕ್ಕೆ ಬೆಂಬಲ ಕೊಟ್ಟರೆ, ಈ ಇಕ್ಕಟ್ಟು ತಪ್ಪುತ್ತದೆ.

ಚಿತ್ರದ ವಿಷಯಕ್ಕೆ ಬಂದರೆ, ಸಂಕಲನಗಳಲ್ಲಿ ಅತಿ ಹೆಚ್ಚಾಗಿ ಕೆಡುವುದು ಅದರ ಅಳತೆ. ಸ್ಟ್ರೀಟ್ ಫೈಟರ್ 2 ಓಡುತ್ತಿದ್ದ ಕ್ಯಾಪ್‌ಕಾಮ್ ಬೋರ್ಡು 384 ಅಡ್ಡ, 224 ಉದ್ದದ ಪಿಕ್ಸೆಲ್‌ಗಳನ್ನು ಕೊಡುತ್ತಿತ್ತು. ಆ ಲೆಕ್ಕದಲ್ಲಿ ಚಿತ್ರ ಅಗಲವಾಗಿರಬೇಕು, ಆದರೆ ಅದು ಮೂಡುತ್ತಿದ್ದುದು 4:3 ಅನುಪಾತದ ಗಾಜಿನ ಪರದೆಯ ಮೇಲೆ, ಚಿತ್ರಕಾರರು ಬರೆದದ್ದೂ ಅದಕ್ಕೆ ಅಳವಡಿಸಿಯೇ. ಸೆಟ್ಟಿಂಗ್ಸ್‌ನಲ್ಲಿ ಚಿತ್ರವನ್ನು ಪೂರ್ತಿ ಅಗಲಕ್ಕೆ ಎಳೆದರೆ ಹೋರಾಟಗಾರರು ದಪ್ಪಗಾಗುತ್ತಾರೆ, ಹಾಗಾಗಿ ಎರಡೂ ಬದಿಯ ಕಪ್ಪು ಪಟ್ಟಿಗಳನ್ನು ಸಹಿಸಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಪ್ಯಾಕ್-ಮ್ಯಾನ್, ಗ್ಯಾಲಗಾದಂತಹ ಆಟಗಳ ಪರದೆಯನ್ನು ಲಂಬವಾಗಿ ನಿಲ್ಲಿಸುತ್ತಿದ್ದರು. 288 ಪಿಕ್ಸೆಲ್ ಎತ್ತರದ ಚಿತ್ರವನ್ನು 1080 ಗೆರೆಗಳ ಟಿವಿಯಲ್ಲಿ ಮೂರು ಪಟ್ಟು ಮಾಡಿದರೆ 864 ಗೆರೆಗಳಾಗಿ ಜಾಗ ಉಳಿಯುತ್ತದೆ, ನಾಲ್ಕು ಪಟ್ಟು ಮಾಡಿದರೆ 1152 ಆಗಿ ಪರದೆಯಿಂದ ಆಚೆ ಹೋಗುತ್ತದೆ; ನಡುವಿನ ಯಾವುದೋ ಅಳತೆಗೆ ಹಿಗ್ಗಿಸಿದರೆ ಕೆಲವು ಪಿಕ್ಸೆಲ್‌ಗಳು ದೊಡ್ಡದಾಗಿ, ಪಕ್ಕದವು ಸಣ್ಣದಾಗಿ ಕಾಣುತ್ತವೆ. 2160 ಗೆರೆಗಳ ಟಿವಿಯಲ್ಲಿ ಏಳು ಪಟ್ಟಿಗೆ 2016 ಬರುವುದರಿಂದ ಈ ತಕರಾರು ಬಹುಮಟ್ಟಿಗೆ ಮಾಯವಾಗುತ್ತದೆ. ಹಳೆಯ ಪರದೆಯ ಅಡ್ಡಗೆರೆಗಳನ್ನೂ ಮಬ್ಬು ಹೊಳಪನ್ನೂ ಅನುಕರಿಸುವ ಆಯ್ಕೆಗಳು ಈಗ ಹೆಚ್ಚಿನ ಸಂಕಲನಗಳಲ್ಲಿವೆ. ಬಹುಪಾಲು ಅಲಂಕಾರ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ 1979ರ ಆಸ್ಟರಾಯ್ಡ್ಸ್‌ನಲ್ಲಿ ಎಲೆಕ್ಟ್ರಾನ್ ಕಿರಣವೇ ನೇರವಾಗಿ ಗೆರೆಗಳನ್ನು ಎಳೆಯುತ್ತಿತ್ತು, ಪಿಕ್ಸೆಲ್ ಎಂಬುದೇ ಇರಲಿಲ್ಲ. ಆ ಆಟದ ಗುಂಡುಗಳು ಕತ್ತಲಲ್ಲಿ ಕಿಡಿಯಂತೆ ಉರಿಯುತ್ತಿದ್ದ ಬಗೆಯನ್ನು ಸಾಮಾನ್ಯ ಟಿವಿಯಲ್ಲಿ ತೋರಿಸುವುದು ಕಷ್ಟ.

ಕೈಗೆ ಸಿಗುವ ವ್ಯತ್ಯಾಸ ಇದೆಲ್ಲಕ್ಕಿಂತ ದೊಡ್ಡದು. ಪ್ಯಾಕ್-ಮ್ಯಾನ್‌ನ ಹಿಡಿಕೆ ನಾಲ್ಕೇ ದಿಕ್ಕಿಗೆ ಹೊರಳುತ್ತಿತ್ತು, ಮೂಲೆಗೆ ಹೋಗುವುದನ್ನು ಲೋಹದ ಅಥವಾ ಪ್ಲಾಸ್ಟಿಕ್‌ನ ತಡೆಯೊಂದು ನಿಲ್ಲಿಸುತ್ತಿತ್ತು. ಇಂದಿನ ಕಂಟ್ರೋಲರ್‌ನ ಅನಲಾಗ್ ಕಡ್ಡಿ ಸುತ್ತಲೂ ತಿರುಗುವಂಥದ್ದು. ಬೆರಳು ಸ್ವಲ್ಪ ಓರೆಯಾದರೂ ಆಟಕ್ಕೆ ಏಕಕಾಲದಲ್ಲಿ ಎರಡು ದಿಕ್ಕಿನ ಸಂಕೇತ ಹೋಗಿ ತಿರುವು ತಪ್ಪುತ್ತದೆ. ಆಟ ಕೆಟ್ಟಿದೆ ಎಂದು ದೂರುವವರಲ್ಲಿ ಅನೇಕರು ದೂರಬೇಕಾದದ್ದು ಈ ಕಡ್ಡಿಯನ್ನು. ಅಂತಹ ಆಟಗಳಿಗೆ ದಿಕ್ಕಿನ ಗುಂಡಿಗಳನ್ನೇ ಬಳಸಿರಿ. ಮಿಸೈಲ್ ಕಮಾಂಡ್‌ನ ಟ್ರ್ಯಾಕ್‌ಬಾಲ್ (ಅಂಗೈಯಿಂದ ಉರುಳಿಸುವ ಚೆಂಡು) ಮತ್ತು ಟೆಂಪೆಸ್ಟ್‌ನ ತಿರುಗುಗುಬ್ಬಿಗೆ ಮಾತ್ರ ಕಂಟ್ರೋಲರ್‌ನಲ್ಲಿ ಬದಲಿಯೇ ಇಲ್ಲವೆನ್ನಬೇಕು. ಗುಬ್ಬಿಯನ್ನು ಎಷ್ಟು ಬೀಸಾಗಿ ತಿರುವಿದರೂ ಅದಕ್ಕೆ ಮಿತಿಯಿಲ್ಲ, ಕೈಬಿಟ್ಟಲ್ಲಿ ನಿಲ್ಲುತ್ತದೆ. ಕಡ್ಡಿಗಾದರೋ ಒಂದು ಗರಿಷ್ಠ ವೇಗವಿದೆ, ಕೈಬಿಟ್ಟೊಡನೆ ನಡುವಿಗೆ ಮರಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಒಂದು ಕೈಯಲ್ಲಿ ಓಡುತ್ತ ಇನ್ನೊಂದು ಕೈಯಲ್ಲಿ ಗುಂಡು ಹಾರಿಸಲು ಎರಡು ಹಿಡಿಕೆ ಬೇಡುವ ರೋಬೋಟ್ರಾನ್‌ಗೆ 1996ರ ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಗುಂಡಿಗಳೇ ಗತಿಯಾಗಿದ್ದವು, ಎರಡು ಕಡ್ಡಿಗಳಿರುವ ಇಂದಿನದು ಅದಕ್ಕೆ ಹೇಳಿ ಮಾಡಿಸಿದಂತಿದೆ.

ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯ ಮೇಲಿನ ಪರಿಣಾಮಕ್ಕೂ ನಡುವಿನ ವಿಳಂಬವನ್ನೂ ಮರೆಯುವಂತಿಲ್ಲ. ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಕಂಟ್ರೋಲರ್, ಎಮ್ಯುಲೇಟರ್, ಟಿವಿ ಒಂದೊಂದೂ ಒಂದೆರಡು ಫ್ರೇಮ್ ತಿಂದರೆ ಕ್ಷಣಮಾತ್ರದ ಅಂದಾಜಿನ ಮೇಲೆ ನಿಂತ ಆಟ ಭಾರವಾಗುತ್ತದೆ. ಟಿವಿಯ ಗೇಮ್ ಮೋಡ್ ಹಾಕುವುದು ಇದಕ್ಕೆ ಮೊದಲ ಮದ್ದು.

ನಾಣ್ಯದ ವಿಚಾರವನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಆಟಗಾರನನ್ನು ಕೆಲವೇ ನಿಮಿಷಗಳಲ್ಲಿ ಸೋಲಿಸಿ ಮತ್ತೊಂದು ನಾಣ್ಯ ಹಾಕಿಸುವುದು ಈ ಆಟಗಳ ಕಸುಬಾಗಿತ್ತು. ಗುಂಡಿ ಒತ್ತಿದಷ್ಟೂ ಬಿಟ್ಟಿ ನಾಣ್ಯ ಬೀಳುವ ಸಂಕಲನದಲ್ಲಿ, ಬೀದಿ ಹೊಡೆದಾಟದ ಆಟವೊಂದನ್ನು ಮುಕ್ಕಾಲು ಗಂಟೆಯಲ್ಲಿ ಸತ್ತು ಸತ್ತು ಮುಗಿಸಿ, ಇದರಲ್ಲೇನಿದೆ ಎಂದು ಮುಚ್ಚಿಡುವವರಿದ್ದಾರೆ. ಹಿಂದಕ್ಕೆ ಸುತ್ತುವ ಸೌಲಭ್ಯ ಕಠಿಣವಾದ ತಿರುವನ್ನು ಅಭ್ಯಾಸ ಮಾಡಲು ಒಳ್ಳೆಯದು. ಆಟದುದ್ದಕ್ಕೂ ಬಳಸಿದರೆ ಆಟಕ್ಕೆ ಬಿಗಿ ಉಳಿಯುವುದಿಲ್ಲ. ಹ್ಯಾಮ್‌ಸ್ಟರ್ ಸಂಸ್ಥೆ 2014ರಿಂದ ಬಿಡಿಬಿಡಿಯಾಗಿ ಹೊರತರುತ್ತಿರುವ ಆರ್ಕೇಡ್ ಆರ್ಕೈವ್ಸ್ ಸರಣಿಯಲ್ಲಿ, ಸೆಟ್ಟಿಂಗ್ಸ್ ಬದಲಿಸಲು ಬಿಡದೆ ಒಂದೇ ನಾಣ್ಯದಲ್ಲಿ ಆಡಿಸಿ ಅಂಕಗಳನ್ನು ಜಗತ್ತಿನ ಇತರರೊಂದಿಗೆ ಹೋಲಿಸುವ ವಿಧಾನವೊಂದಿದೆ. ನನ್ನ ಮಟ್ಟಿಗೆ, ಹಳೆಯ ಆಟದ ಸ್ವಭಾವವನ್ನು ಅರಿಯಲು ಅದಕ್ಕಿಂತ ನೇರವಾದ ದಾರಿಯಿಲ್ಲ.

ಇಷ್ಟೆಲ್ಲ ಇದ್ದರೂ ಕೆಲವರ ಅಚ್ಚುಮೆಚ್ಚಿನ ಆಟ ಯಾವ ಸಂಕಲನದಲ್ಲೂ ಸಿಗುವುದಿಲ್ಲ, ಅದಕ್ಕೆ ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಹಕ್ಕು. 1981ರ ಡಾಂಕಿ ಕಾಂಗ್‌ನ ಪ್ರೋಗ್ರಾಂ ಬರೆದುಕೊಟ್ಟದ್ದು ಇಕೆಗಾಮಿ ಎಂಬ ಬೇರೊಂದು ಸಂಸ್ಥೆ, ಆ ಕುರಿತು ನಿಂಟೆಂಡೊ ಜೊತೆ ವ್ಯಾಜ್ಯವೂ ನಡೆದಿತ್ತು; ಆರ್ಕೇಡ್‌ನ ಆ ರೂಪ ಸ್ವತಂತ್ರ ಬಿಡುಗಡೆಯಾಗಿ ನಿಂಟೆಂಡೊ ಕನ್ಸೋಲಿಗೆ ಬಂದದ್ದು 2018ರಲ್ಲಿ. 2022ರ ಪ್ಯಾಕ್-ಮ್ಯಾನ್ ಮ್ಯೂಸಿಯಂ ಪ್ಲಸ್‌ನಲ್ಲಿ, ಸರಣಿಯ ಅತ್ಯಂತ ಜನಪ್ರಿಯ ಆಟಗಳಲ್ಲಿ ಒಂದಾದ ಮಿಸ್ ಪ್ಯಾಕ್-ಮ್ಯಾನ್ ಇಲ್ಲವೇ ಇಲ್ಲ. ಎರಡು ಸಂಸ್ಥೆಗಳ ಪಾತ್ರಗಳು ಕೂಡಿರುವ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಅನ್ನು 2013ರ ಕೊನೆಯಲ್ಲಿ ಡಿಜಿಟಲ್ ಅಂಗಡಿಗಳಿಂದ ಹಿಂತೆಗೆದ ಮೇಲೆ, ಸಂಕಲನವೊಂದರಲ್ಲಿ ಅದು ಮತ್ತೆ ಕಾಣಿಸಿಕೊಳ್ಳಲು 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಪರವಾನಗಿ ಪಡೆದ ಪಾತ್ರ, ವಾಹನ ಅಥವಾ ಸಂಗೀತ ಇರುವ ಆಟ ನಿಮಗೆ ಬೇಕಿದ್ದು ಅದು ಇಂದು ಮಾರಾಟದಲ್ಲಿದ್ದರೆ, ನಾಳೆ ಸಿಗುತ್ತದೆಂದು ಮುಂದೂಡಬೇಡಿ.

ಮೂಲ ಯಂತ್ರವನ್ನೇ ಹುಡುಕಿ ಕೊಳ್ಳುವುದು ಒಳ್ಳೆಯದಲ್ಲವೇ ಎಂದು ಕೆಲವರು ಕೇಳುವುದುಂಟು. ಜಾಗವೂ ದುರಸ್ತಿ ಕೌಶಲವೂ ಇದ್ದವರಿಗೆ ಹೌದು. ಆದರೆ 1993ರಿಂದ ಬಳಕೆಗೆ ಬಂದ ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡು ಆಟವನ್ನು ಬಿಡಿಸುವ ಗೂಢಕೀಲಿಯನ್ನು ಬ್ಯಾಟರಿಯ ಆಸರೆಯಲ್ಲಿರುವ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಬ್ಯಾಟರಿ ಸತ್ತ ದಿನ ಕೀಲಿ ಅಳಿಸಿಹೋಗಿ, ಚಿಪ್‌ಗಳೆಲ್ಲ ಸರಿಯಿದ್ದರೂ ಬೋರ್ಡು ಮೂಕವಾಗುತ್ತದೆ. ಅಂತಹ ಬೋರ್ಡು ಕೊಳ್ಳುವವರು ಆಟದ ಹೆಸರಿಗಿಂತ ಮೊದಲು ಬ್ಯಾಟರಿಯನ್ನು ಯಾವಾಗ ಬದಲಿಸಿದ್ದಾರೆಂದು ವಿಚಾರಿಸಬೇಕು.