ಪದ ಪರಿಚಯ: ಲೆಗಸಿ ಸಿಸ್ಟಮ್

ಲೆಗಸಿ ಅಂದರೆ ಹಿರಿಯರು ಬಿಟ್ಟುಹೋದ ಆಸ್ತಿ. ಕಂಪ್ಯೂಟರಿನವರ ಬಾಯಲ್ಲಿ ಅದು ಅಜ್ಜನ ಆಸ್ತಿಗಿಂತ ಅಜ್ಜನ ಸಾಲಕ್ಕೇ ಹತ್ತಿರ. ಮುಟ್ಟೋಕೆ ಭಯ, ತೆಗೆದುಹಾಕಿದರೆ ಕೆಲಸ ನಿಲ್ಲುತ್ತದೆ, ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಇಂಥ ಸಾಫ್ಟ್‌ವೇರೇ ಲೆಗಸಿ ಸಿಸ್ಟಮ್. ಬರೀ ವಯಸ್ಸು ನೋಡಿ ಹಾಗೆ ಕರೆಯೋದು ತಪ್ಪು. ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದದ್ದು 2000ರಲ್ಲಿ. ಅದಕ್ಕೆ ಈಗಲೂ ಹೊಸ ಆವೃತ್ತಿಗಳು ಬರುತ್ತಿವೆ, ಆದ್ದರಿಂದ ಅದು ಲೆಗಸಿ ಅಲ್ಲ.

ದಾವಣಗೆರೆಯ ಒಂದು ಲೈಬ್ರರಿಯ ಮೂಲೆಯಲ್ಲಿ ಹಳೇ ಆಪರೇಟಿಂಗ್ ಸಿಸ್ಟಮ್ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ನೋಡಿದ್ದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಪುಸ್ತಕ ಕೊಡೋದು, ತಗೊಳ್ಳೋದು ಎಲ್ಲ ಹೊಸ ಸಿಸ್ಟಮ್‌ನಲ್ಲೇ ನಡೆಯುತ್ತಿತ್ತು. ಮತ್ತೆ ಇದು ಯಾಕೆ ಸರ್ ಅಂತ ಲೈಬ್ರರಿಯವರನ್ನು ಕೇಳಿದೆ. "ಹಳೇ ಹುಡುಗರು ನೋ ಡ್ಯೂ ಸರ್ಟಿಫಿಕೇಟ್ ಕೇಳ್ಕೊಂಡು ಬರ್ತಾರಲ್ಲ, ಅವರ ಲೆಕ್ಕ ಇದರಲ್ಲೇ ಐತಿ" ಅಂದರು. ಹಳೇ ಸಿಸ್ಟಮ್ ಅಳೆಯುವಾಗ ಮೊದಲು ಹುಡುಕಬೇಕಾದ್ದು ಇದನ್ನೇ. ಇನ್ನೂ ಯಾರು ಬಳಸುತ್ತಾರೆ, ಯಾವ ಒಂದು ಕೆಲಸಕ್ಕೆ?

ಆಮೇಲಿನ ಪ್ರಶ್ನೆ, ಒಳಗಿರುವ ಮಾಹಿತಿ ಹೊರಗೆ ಬರುತ್ತದಾ? ಪುಸ್ತಕದ ವಿವರ ಬರೆದಿಡೋಕೆ ಲೈಬ್ರರಿಗಳಿಗೆ ಮಾರ್ಕ್ 21 ಎಂಬ ಸಾಮಾನ್ಯ ಅಚ್ಚು ಇದೆ. ಹಳೇದು ಆ ರೂಪದಲ್ಲಿ ಫೈಲ್ ಕೊಟ್ಟರೆ ಅರ್ಧ ತಲೆನೋವು ಹೋಯಿತು. ಕನ್ನಡ ಪುಸ್ತಕಗಳದ್ದೇ ಬೇರೆ ಕಥೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ 'ಕನ್ನಡ' ಎಂಬ ಪದ ಹೊಸ ಸಿಸ್ಟಮ್‌ಗೆ ಬಂದಾಗ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು ಹೀಗೆ ಕಾಣುತ್ತದೆ. ಅಲ್ಲಿ ಅಕ್ಷರ ಕನ್ನಡದ್ದಲ್ಲ, ಫಾಂಟ್ ತೋರಿಸಿದ ವೇಷ ಮಾತ್ರ ಕನ್ನಡದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಾಯಿಸುವ ಪ್ರೋಗ್ರಾಮ್‌ಗಳಿವೆ. ಆದರೆ ಒಂದೇ ಸಾಲಿನಲ್ಲಿ ಇಂಗ್ಲಿಷೂ ಸೇರಿದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಹಾಕುವುದುಂಟು. ಕಣ್ಣಲ್ಲಿ ನೋಡಿ ತಿದ್ದದೆ ಬೇರೆ ದಾರಿಯಿಲ್ಲ.

ಇಷ್ಟಾದ ಮೇಲೆ ರಿಟೈರ್ ಮಾಡೋದು. ಸುಮ್ನೆ ಸ್ವಿಚ್ ಆರಿಸೋದಲ್ಲ. ಅಕ್ಸೆಷನ್ ನಂಬರುಗಳು, ಅಂದರೆ ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ನಂಬರುಗಳು, ಎರಡೂ ಕಡೆ ತಾಳೆಯಾಗಬೇಕು. ಸ್ವಲ್ಪ ಕಾಲ ಹಳೇದನ್ನು ಓದೋಕೆ ಮಾತ್ರ ಬಿಟ್ಟಿರಬೇಕು, ಹೊಸದೇನೂ ಬರೆಯೋ ಹಾಗಿಲ್ಲ. ಕೊನೆಗೆ ಹಾರ್ಡ್ ಡಿಸ್ಕ್ ಅಳಿಸಬೇಕು. ಹುಡುಗರ ಫೋನ್ ನಂಬರು, ವಿಳಾಸ ಎಲ್ಲ ಅದರಲ್ಲೇ ಇರುತ್ತದೆ, ಗುಜರಿಗೆ ಹಾಗೇ ಹೋಗಬಾರದಲ್ವಾ?